ಸರ್ಪಗಂಧ: ಹಾವಿನ ಹೆಸರಲ್ಲಿ ಸಾಯ್ತಿರೋ ಗಿಡ

ಮನೆ ಮುಂದೆ ಸರ್ಪಗಂಧ ನೆಟ್ರೆ ಹಾವು ಬರಲ್ಲ, ಕಚ್ಚಿದ್ರೆ ಬೇರು ತೇದು ಕುಡಿಸಿ ವಿಷ ಇಳಿಯುತ್ತೆ ಅಂತ ಇವತ್ತಿಗೂ ಹೇಳೋರಿದ್ದಾರೆ. ದಯವಿಟ್ಟು ನಂಬಬೇಡಿ, ಹಾವಿನ ವಿಷಕ್ಕೆ ಆಸ್ಪತ್ರೇಲಿ ಕೊಡೋ ಆಂಟಿವೆನಮ್ಮೇ ಮದ್ದು. ಈ ಬೇರು ನಿಜವಾಗಿ ಮಾಡೋದು ಬಿಪಿ ಇಳಿಸೋ ಕೆಲಸ. ಕೊಳಕುಮಂಡಲ ಕಚ್ಚಿ ಮೊದಲೇ ಬಿಪಿ ಕುಸೀತಿರೋರಿಗೆ ಅದನ್ನ ಕುಡಿಸಿದ್ರೆ ಏನಾಗ್ಬಹುದು ನೀವೇ ಯೋಚ್ನೆ ಮಾಡಿ.

ಆದ್ರೆ ಬಿಪಿ ಇಳಿಸೋ ಆ ರೀತಿ ಇದ್ಯಲ್ಲ, ಅದು ಬಲು ಸೊಗಸು. ನಮ್ಮ ನರದ ತುದೀಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿರುತ್ವೆ, ಅವಕ್ಕೆ ನರದ ಸಂದೇಶ ಒಯ್ಯೋ ರಾಸಾಯನಿಕವಾದ ನಾರ್‌ಅಡ್ರಿನಲಿನ್ ತುಂಬೋಕೆ ಒಂದು ಪಂಪು ಇರುತ್ತೆ, ಚೀಲ ಬಾಯಿ ತೆರೆದು ಅದು ಹೊರಗೆ ಬಂದ್ರೆ ರಕ್ತನಾಳ ಬಿಗಿದು ಬಿಪಿ ಏರುತ್ತೆ. ಬೇರಲ್ಲಿರೋ ರಿಸರ್ಪಿನ್ ಅನ್ನೋ ಮದ್ದಿನ ಅಂಶ ಹೋಗಿ ಆ ಪಂಪನ್ನೇ ಜಾಮ್ ಮಾಡುತ್ತೆ. ಬಾವೀಲಿ ನೀರಿದೆ, ಮೋಟರ್ ಕೆಟ್ಟಿದೆ, ಟ್ಯಾಂಕು ಖಾಲಿ. ಅಥವಾ ಹಿಂಗೆ ನೋಡಿ, ಕಣದಲ್ಲಿ ರಾಗಿ ರಾಶಿ ಬಿದ್ದಿದೆ, ಚೀಲಕ್ಕೆ ತುಂಬೋರಿಲ್ಲ, ಹೊರಗುಳಿದಿದ್ದನ್ನ ಇಲಿ ತಿಂದು ಮುಗಿಸುತ್ತೆ. ನರದೊಳಗಿನ ಆ ಇಲಿ ಅಂದ್ರೆ ಒಂದು ಕಿಣ್ವ.

ಈ ಬೇರಿನ ಗುಣವನ್ನ ಜಗತ್ತಿಗೆ ತೋರಿಸಿದವರಲ್ಲಿ ನಮ್ಮವರೇ ಮುಂದೆ. 1931ರಲ್ಲಿ ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದಿಕಿ ಈ ಬೇರಿಂದ ಅಜ್ಮಲಿನ್ ಅನ್ನೋ ಇನ್ನೊಂದು ಅಂಶ ತೆಗೆದು ಅದಕ್ಕೆ ಯುನಾನಿ ವೈದ್ಯ ಹಕೀಂ ಅಜ್ಮಲ್ ಖಾನರ ಹೆಸರಿಟ್ರು. 1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ಬಿಪಿ ರೋಗಿಗಳಿಗೆ ಈ ಬೇರನ್ನ ಕೊಟ್ಟು ನೋಡಿದ್ದನ್ನ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ್ರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಸರ್ಪಿನ್ ಬೇರ್ಪಡಿಸಿದ್ರು. ಅಲ್ಲಿಂದ ಶುರು, ನಮ್ಮ ಕಾಡಿನ ಬೇರಿಗೆ ಎಲ್ಲಿಲ್ಲದ ಡಿಮ್ಯಾಂಡು.

ಗಿಡದ ಗ್ರಹಚಾರ ಇರೋದೇ ಇಲ್ಲಿ. ಮದ್ದಿನ ಅಂಶ ಬಹುಪಾಲು ಬೇರಿನ ಸಿಪ್ಪೇಲಿರುತ್ತೆ. ನೆಲ್ಲಿಕಾಯಿ ಕಿತ್ರೆ ಮರ ಮುಂದಿನ ವರ್ಷ ಮತ್ತೆ ಬಿಡುತ್ತೆ, ಇಲ್ಲಿ ಮೊಣಕಾಲೆತ್ತರದ ಗಿಡವನ್ನ ಬುಡಸಮೇತ ಕಿತ್ರೆ ಅಲ್ಲಿಗೆ ಮುಗೀತು, ಕಾಯಿ ಕಪ್ಪಾಗಿ ಬೀಜ ಉದುರೋಕೂ ಬಿಡಲ್ಲ. ಉದುರಿದ್ರೂ ಗಟ್ಟಿ ಓಟೆಯೊಳಗಿನ ಬೀಜ ಮೊಳೆಯೋದು ಕಮ್ಮಿ. 1990ರಲ್ಲಿ ಅಪಾಯದಲ್ಲಿರೋ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದ್ಮೇಲೆ ದೇಶದಾಚೆ ಕಳಿಸೋಕೆ ಪರವಾನಗಿ ಬೇಕು, ಆದ್ರೆ ದೇಶದೊಳಗಿನ ವ್ಯಾಪಾರವನ್ನ ಆ ಪಟ್ಟಿ ಮುಟ್ಟಲ್ಲ.

ಬೇರಿನ ತುಂಡು ನೆಟ್ಟು ಬೆಳೆಸ್ಬಹುದು, ಟಿಶ್ಯೂ ಕಲ್ಚರ್, ಅಂದ್ರೆ ಗಿಡದ ಚೂರಿಂದ ಪ್ರಯೋಗಾಲಯದಲ್ಲಿ ಸಸಿ ಮಾಡೋದು ಕೂಡ ಆಗುತ್ತೆ. ತೊಡಕು ಬೇರೆ ಇದೆ: ಹೊಲದಲ್ಲಿ ಬೇರು ಬಲಿಯೋಕೆ ಒಂದೂವರೆ ಎರಡು ವರ್ಷ ಬೇಕು, ಕಾಡಲ್ಲಿ ಒಂದು ಗುದ್ದಲಿ ಸಾಕು. ಕೊಳ್ಳೋರು ಇದು ಬೆಳೆದಿದ್ದಾ ಕಿತ್ತಿದ್ದಾ ಅಂತ ಕೇಳದೆ ಇರೋವರೆಗೆ ಕಾದು ಬೆಳೆದ ರೈತನಿಗೆ ಗಿಟ್ಟಲ್ಲ.