ಸರಾಸರಿ ಗೇಮಿಂಗ್ ಪಿಸಿ ಯಾವುದು, ಅಪ್‌ಗ್ರೇಡ್ ಯಾವಾಗ? ಜೊತೆಗೆ ಕಲಿಯುವವರಿಗೆ ಟಿಪ್ಪಣಿ

ಹಾರ್ಡ್‌ವೇರ್ ಕಲಿಯುತ್ತಿದ್ದೇವೆ ಅಂತ ಗೊತ್ತಾದರೆ ಸಾಕು, ನೆಂಟರಿಂದ ಹಿಡಿದು ಪಿಜಿ ಗೆಳೆಯರವರೆಗೆ ಎಲ್ಲರೂ ಕೇಳುವುದು ಒಂದೇ: "ನನ್ನ ಸಿಸ್ಟಮ್ ಗೇಮಿಂಗ್‌ಗೆ ಸಾಕಾ, ಬದಲಾಯಿಸ್ಬೇಕಾ?" ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್‌ಪಿ ರೋಡ್‌ನ ಅಂಗಡಿಯಲ್ಲಿ ಕೇಳಿದರೆ ಉತ್ತರ ಹೊಸ ಕಾರ್ಡ್‌ನ ಹೆಸರಿನಿಂದಲೇ ಶುರುವಾಗುತ್ತದೆ. ಯೂಟ್ಯೂಬ್ ನೋಡಿದರೆ ಲಕ್ಷ ರೂಪಾಯಿ ದಾಟಿದ ಸಿಸ್ಟಮ್‌ಗಳೇ ಕಣ್ಣಿಗೆ ಬೀಳುತ್ತವೆ. ಆದರೆ ಈ ಪ್ರಶ್ನೆಗೆ ಅಳತೆ ಮಾಡಿಯೇ ಉತ್ತರ ಹುಡುಕಬಹುದು, ಅದಕ್ಕೆ ದುಡ್ಡೂ ಬೇಕಿಲ್ಲ.

ಸರಾಸರಿ ಸಿಸ್ಟಮ್ ಎಲ್ಲಿ ಸಿಗುತ್ತದೆ?

ಮೊದಲು ಒಂದು ಚಿಕ್ಕ ಲೆಕ್ಕ. ಒಂದು ಪಿಜಿಯಲ್ಲಿ ಐದು ಜನರ ಹತ್ತಿರ ಗೇಮಿಂಗ್ ಪಿಸಿ ಇದೆ ಅಂದುಕೊಳ್ಳಿ. ಅವರ ಗ್ರಾಫಿಕ್ಸ್ ಕಾರ್ಡ್‌ಗಳ ಮೆಮೊರಿ ಹೀಗಿದೆ: 4, 6, 8, 8, 24 ಜಿಬಿ. ಕೂಡಿಸಿ ಐದರಿಂದ ಭಾಗಿಸಿದರೆ 10 ಜಿಬಿ ಬರುತ್ತದೆ. ಆ ಐವರಲ್ಲಿ ಒಬ್ಬರ ಹತ್ತಿರವೂ 10 ಜಿಬಿ ಕಾರ್ಡ್ ಇಲ್ಲ! 24 ಜಿಬಿ ಇರುವ ಒಬ್ಬ ಗೆಳೆಯ ಇಡೀ ಲೆಕ್ಕವನ್ನು ಮೇಲಕ್ಕೆ ಎಳೆದಿದ್ದಾನೆ. ಸಾಲಾಗಿ ಜೋಡಿಸಿ ಮಧ್ಯದ್ದನ್ನು ತೆಗೆದುಕೊಂಡರೆ 8, ಜಾಸ್ತಿ ಜನರ ಹತ್ತಿರ ಇರುವುದನ್ನು ತೆಗೆದುಕೊಂಡರೂ 8. ನಮಗೆ ಬೇಕಾದದ್ದು ಈ ಎರಡು ಲೆಕ್ಕ.

ಜಗತ್ತಿನ ಮಟ್ಟದಲ್ಲಿ ಇದನ್ನು ನೋಡಲು, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಪ್ರತಿ ತಿಂಗಳು ಹಾಕುವ ಹಾರ್ಡ್‌ವೇರ್ ಸಮೀಕ್ಷೆ ಇದೆ. ಯಾರು ಬೇಕಾದರೂ ತೆರೆದು ನೋಡಬಹುದು. ಬಳಕೆದಾರರಲ್ಲಿ ಕೆಲವರನ್ನು ಆರಿಸಿ ಕೇಳುತ್ತಾರೆ, ಒಪ್ಪಿದವರ ಸಿಸ್ಟಮ್ ವಿವರ ಮಾತ್ರ ಸೇರುತ್ತದೆ. ಅದರಲ್ಲಿ ವರ್ಷಗಳಿಂದ ಎದ್ದು ಕಾಣುವ ಚಿತ್ರ ಇದು: ಅರ್ಧಕ್ಕಿಂತ ಹೆಚ್ಚು ಜನರ ಮಾನಿಟರ್ 1080ಪಿ (1920×1080 ಪಿಕ್ಸೆಲ್). ಅದರ ನಾಲ್ಕು ಪಟ್ಟು ಪಿಕ್ಸೆಲ್ ಇರುವ 4ಕೆ ಇಟ್ಟುಕೊಂಡವರು ನೂರಕ್ಕೆ ಹತ್ತು ಜನರೂ ಇಲ್ಲ. ಪ್ರೊಸೆಸರ್‌ಗಳಲ್ಲಿ 6 ಕೋರ್ ಮತ್ತು 8 ಕೋರ್ ಮುಂದೆ (ಕೋರ್ ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಒಂದೊಂದು ಘಟಕ). ರ‍್ಯಾಮ್ 16 ಜಿಬಿ, ಇಲ್ಲವೇ 32 ಜಿಬಿ. ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಎನ್‌ವಿಡಿಯಾದ '60' ಸಾಲಿನವು, ಅಂದರೆ 3060, 4060 ಮತ್ತು ಲ್ಯಾಪ್‌ಟಾಪ್‌ನ 4060. ಕಾರ್ಡ್ ಮೆಮೊರಿ 8 ಜಿಬಿ.

ಇದೇ ಇವತ್ತಿನ ಸರಾಸರಿ ಗೇಮಿಂಗ್ ಕಂಪ್ಯೂಟರ್. ನಿಮ್ಮದು ಇದರ ಆಸುಪಾಸಿನಲ್ಲಿದ್ದರೆ 'ಹಳೆಯದಾಯ್ತು' ಅಂತ ಕೊರಗಬೇಡಿ.

ಇದೇ ಪಟ್ಟಿಯ ಹಿಂದಿನ ಕಥೆ ನನಗೆ ತುಂಬ ಇಷ್ಟ. 2016ರಲ್ಲಿ ಬಂದ ಜಿಟಿಎಕ್ಸ್ 1060 ಹಲವು ವರ್ಷ ಮೊದಲ ಸ್ಥಾನದಲ್ಲಿ ಕೂತಿತ್ತು. 2022ರಲ್ಲಿ ಅದನ್ನು ಕೆಳಗಿಳಿಸಿದ್ದು 2019ರ ಜಿಟಿಎಕ್ಸ್ 1650. ಈ 1650ರ ಶಕ್ತಿ 1060ಕ್ಕಿಂತ ಕಡಿಮೆ! ವರ್ಷ ಕಳೆದ ಹಾಗೆ ಜನರ ಸಿಸ್ಟಮ್ ತಾನಾಗಿಯೇ ಮೇಲೇರುತ್ತಾ ಹೋಗುತ್ತದೆ ಅನ್ನುವುದು ನಿಜವಲ್ಲ. ಕೈಗೆಟುಕುವ ಬೆಲೆ ಎಲ್ಲಿದೆಯೋ ಜನ ಅಲ್ಲಿದ್ದಾರೆ. ಗೇಮ್ ಮಾಡುವ ಕಂಪನಿಗಳಿಗೂ ಇದು ಗೊತ್ತು. ಈ ದೊಡ್ಡ ಗುಂಪನ್ನು ಬಿಟ್ಟು ಗೇಮ್ ಮಾಡಿದರೆ ಮಾರಾಟವಾಗುವುದಿಲ್ಲ ಅಲ್ವಾ?

ಇನ್ನೊಂದು ಅಳತೆಗೋಲು ಕನ್ಸೋಲ್. 2020ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ 8 ಕೋರ್ ಪ್ರೊಸೆಸರ್ ಇದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಹಂಚಿಕೊಳ್ಳುವ 16 ಜಿಬಿ ಮೆಮೊರಿ ಇದೆ, ವೇಗದ ಎಸ್‌ಎಸ್‌ಡಿ ಇದೆ. ದೊಡ್ಡ ಗೇಮ್‌ಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತಾರೆ. ನಿಮ್ಮ ಪಿಸಿ ಅದರ ಮಟ್ಟದಲ್ಲಿದ್ದರೆ ಈ ತಲೆಮಾರು ಮುಗಿಯುವ ತನಕ ಸೆಟ್ಟಿಂಗ್ಸ್ ಸ್ವಲ್ಪ ಇಳಿಸಿಕೊಂಡು ಆಡಬಹುದು.

ಎಫ್‌ಪಿಎಸ್ ಬಿಟ್ಟು ಮಿಲಿಸೆಕೆಂಡ್‌ನಲ್ಲಿ ಯೋಚಿಸಿ

ಇಡೀ ಟಿಪ್ಪಣಿಯಲ್ಲಿ ಇದೊಂದು ಭಾಗವನ್ನು ನಿಧಾನವಾಗಿ ಓದಿ. ಇದು ಅರ್ಥವಾದರೆ ಉಳಿದದ್ದು ಸುಲಭ.

60 ಎಫ್‌ಪಿಎಸ್ ಅಂದರೆ ಸೆಕೆಂಡಿಗೆ 60 ಚಿತ್ರ. 1000 ಮಿಲಿಸೆಕೆಂಡನ್ನು 60ರಿಂದ ಭಾಗಿಸಿ: ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. 30 ಎಫ್‌ಪಿಎಸ್‌ಗೆ 33.3. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸ್ ಮಾನಿಟರ್‌ಗೆ ಪೂರ್ತಿ ಕೆಲಸ ಕೊಡಬೇಕಾದರೆ ಸುಮಾರು 6.9.

ಈಗ ಒಂದು ಸೆಕೆಂಡನ್ನು ಬಿಡಿಸಿ ನೋಡೋಣ. 59 ಚಿತ್ರಗಳು ತಲಾ 10 ಮಿಲಿಸೆಕೆಂಡ್‌ನಲ್ಲಿ ಬಂದವು, ಒಟ್ಟು 590. ಕೊನೆಯ ಒಂದು ಚಿತ್ರಕ್ಕೆ 410 ಹಿಡಿಯಿತು. ಒಟ್ಟು 1000 ಮಿಲಿಸೆಕೆಂಡ್, 60 ಚಿತ್ರ. ಪರದೆಯ ಮೂಲೆಯಲ್ಲಿ ಸರಾಸರಿ 60 ಅಂತಲೇ ತೋರಿಸುತ್ತದೆ. ಆದರೆ ಆಟ ಹೆಚ್ಚುಕಡಿಮೆ ಅರ್ಧ ಸೆಕೆಂಡ್ ನಿಂತುಹೋಗಿದೆ. ವ್ಯಾಲರಂಟ್ ತರಹದ ಶೂಟಿಂಗ್ ಗೇಮ್‌ನಲ್ಲಿ ಎದುರಾಳಿ ನಿಮ್ಮನ್ನು ಹೊಡೆದು ಮುಗಿಸಲು ಅಷ್ಟು ಹೊತ್ತು ಸಾಕು. ಇಲ್ಲೂ ಸರಾಸರಿ ನಿಜವನ್ನು ಮುಚ್ಚಿಡುತ್ತದೆ. ಅದಕ್ಕೇ ವಿಮರ್ಶೆಗಳಲ್ಲಿ '1% ಲೋ' ಅನ್ನುವ ಸಂಖ್ಯೆಯನ್ನೂ ಕೊಡುತ್ತಾರೆ. ಅತಿ ನಿಧಾನವಾಗಿ ಬಂದ ನೂರನೇ ಒಂದು ಭಾಗದ ಚಿತ್ರಗಳ ವೇಗ ಅದು. ಸರಾಸರಿ 90 ಇದ್ದು 1% ಲೋ 25 ಇರುವ ಸಿಸ್ಟಮ್‌ಗಿಂತ, ಸರಾಸರಿ 65 ಇದ್ದು 1% ಲೋ 52 ಇರುವ ಸಿಸ್ಟಮ್‌ನಲ್ಲಿ ಆಡುವುದು ಹಿತ.

ತಡ ಯಾರಿಂದ?

ನಮ್ಮ ದರ್ಶಿನಿಯನ್ನು ನೆನಪಿಸಿಕೊಳ್ಳಿ. ಪ್ರೊಸೆಸರ್ ಅಂದರೆ ಟೋಕನ್ ಕೌಂಟರ್, ಗ್ರಾಫಿಕ್ಸ್ ಕಾರ್ಡ್ ಅಂದರೆ ದೋಸೆ ಹಂಚು. ಹಂಚು ದೊಡ್ಡದು ಮಾಡಿದರೂ ಟೋಕನ್ ಕೊಡುವವರು ನಿಧಾನವಾಗಿದ್ದರೆ ದೋಸೆ ಜಾಸ್ತಿ ಬರುವುದಿಲ್ಲ. ಸಂಖ್ಯೆಯಲ್ಲಿ ಹೇಳುವುದಾದರೆ, ಒಂದು ಚಿತ್ರಕ್ಕೆ ಪ್ರೊಸೆಸರ್ 10 ಮಿಲಿಸೆಕೆಂಡ್, ಕಾರ್ಡ್ 16 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದೆ ಅಂದುಕೊಳ್ಳಿ. ನಿಧಾನವಾದದ್ದೇ ಲೆಕ್ಕ, ಹಾಗಾಗಿ ಸುಮಾರು 62 ಎಫ್‌ಪಿಎಸ್. ಎರಡು ಪಟ್ಟು ವೇಗದ ಕಾರ್ಡ್ ಹಾಕಿದಿರಿ, ಅದರ ಸಮಯ 8ಕ್ಕೆ ಇಳಿಯಿತು. 125 ಸಿಗಬೇಕಿತ್ತು. ಆದರೆ ಈಗ ಪ್ರೊಸೆಸರ್‌ನ 10 ಮಿಲಿಸೆಕೆಂಡ್ ಅಡ್ಡ ನಿಂತಿದೆ, 100ಕ್ಕೇ ನಿಲ್ಲುತ್ತದೆ. ಮುಂದೆ ಇನ್ನೆಷ್ಟು ದುಬಾರಿ ಕಾರ್ಡ್ ತಂದರೂ ಅದೇ 100.

ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಎಫ್‌ಪಿಎಸ್‌ಗೆ ಮಿತಿ ಹಾಕುವ ವಿ-ಸಿಂಕ್ ಮತ್ತು ಫ್ರೇಮ್ ಲಿಮಿಟ್ ಆಫ್ ಮಾಡಿ. ಬಳಕೆ, ಬಿಸಿ ಎಷ್ಟಿದೆ ಅಂತ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತವಾಗಿ ಸಿಗುತ್ತದೆ, ಅದನ್ನು ಹಾಕಿಕೊಂಡು ನೀವು ನಿಜವಾಗಿ ಆಡುವ ಗೇಮ್‌ನ ಅತಿ ಗಲಾಟೆಯ ಜಾಗಕ್ಕೆ ಹೋಗಿ. ಕಾರ್ಡ್ ಬಳಕೆ 95 ಶೇಕಡಾದ ಮೇಲೆ ನಿಂತಿದ್ದರೆ ಮಿತಿ ಕಾರ್ಡ್‌ನದ್ದು. 60, 70ರಲ್ಲಿ ಓಲಾಡುತ್ತಿದ್ದರೆ ಪ್ರೊಸೆಸರ್ ಮೇಲೆ ಅನುಮಾನ ಪಡಿ. ಪ್ರೊಸೆಸರ್‌ನ ಒಟ್ಟು ಬಳಕೆ 40 ಶೇಕಡಾ ಅಂತ ತೋರಿಸಿದರೆ ಮೋಸ ಹೋಗಬೇಡಿ. ಅನೇಕ ಗೇಮ್‌ಗಳ ಮುಖ್ಯ ಕೆಲಸ ಒಂದೆರಡು ಕೋರ್ ಮೇಲೆ ಬೀಳುತ್ತದೆ. ಅವು ಪೂರ್ತಿ ತುಂಬಿ ಉಳಿದವು ಸುಮ್ನೆ ಕೂತಿದ್ದರೂ ಒಟ್ಟು ಲೆಕ್ಕ ಕಡಿಮೆಯೇ ಕಾಣುತ್ತದೆ.

ಖಚಿತ ಮಾಡಿಕೊಳ್ಳಲು ರೆಸಲ್ಯೂಷನ್ ಇಳಿಸಿ ನೋಡಿ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಪಿಕ್ಸೆಲ್ ತುಂಬುವ ಕೆಲಸ ಕಾರ್ಡ್‌ನದ್ದು. ರೆಸಲ್ಯೂಷನ್ ಇಳಿಸಿದಾಗ ಎಫ್‌ಪಿಎಸ್ ಜಿಗಿದರೆ ಕಾರ್ಡ್ ಸುಸ್ತಾಗಿತ್ತು ಅಂತ ಅರ್ಥ. ಇಳಿಸಿದರೂ ಅಲುಗಾಡದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಿ. 1080ಪಿ ಮಾನಿಟರ್ ಇಟ್ಟುಕೊಂಡು ಭಾರಿ ಕಾರ್ಡ್ ಹಾಕಿದವರಿಗೆ ಯಾಕೆ ನಿರಾಸೆಯಾಗುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ.

ಕಾರ್ಡ್ ಮೆಮೊರಿ ತುಂಬಿದಾಗ ಕಾಣುವ ಲಕ್ಷಣ ಬೇರೆ. ಸರಾಸರಿ ಚೆನ್ನಾಗಿಯೇ ಇರುತ್ತದೆ, 1% ಲೋ ಕುಸಿಯುತ್ತದೆ. ಗೋಡೆ, ನೆಲದ ಚಿತ್ರ ಮಬ್ಬಾಗಿ ಬಂದು ತಡವಾಗಿ ಸ್ಪಷ್ಟವಾಗುತ್ತದೆ. ಹಾಗಿದ್ದರೆ ಟೆಕ್ಸ್‌ಚರ್ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕಾರ್ಡ್ ಕೊಳ್ಳುವಾಗ ಹೊಸದರಲ್ಲಿ ಮೆಮೊರಿಯೂ ಜಾಸ್ತಿ ಇರುತ್ತದೆ ಅಂದುಕೊಳ್ಳಬೇಡಿ. 2021ರ ಆರ್‌ಟಿಎಕ್ಸ್ 3060 12 ಜಿಬಿಯೊಂದಿಗೆ ಬಂತು, 2023ರ 4060 ಬಂದದ್ದು 8 ಜಿಬಿಯೊಂದಿಗೆ.

ದುಡ್ಡು ಕೊಡುವ ಮೊದಲು

ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗೆ ಹೋಗಿದೆಯೋ ಕಾರ್ಡ್‌ಗೆ ಹೋಗಿದೆಯೋ ನೋಡಿ, ಕಾರ್ಡ್‌ಗೇ ಹೋಗಿರಬೇಕು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 144 ಹರ್ಟ್ಸ್ ಮಾನಿಟರ್ 60ರಲ್ಲೇ ಓಡುತ್ತಿಲ್ಲ ತಾನೇ? 3200 ವೇಗದ ಡಿಡಿಆರ್4 ರ‍್ಯಾಮ್ ಕೊಂಡಿದ್ದರೂ ಬಯೋಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಮಾಡದಿದ್ದರೆ ಅದು 2133 ಅಥವಾ 2400ರಲ್ಲೇ ಓಡಬಹುದು. ಒಂದೇ ಸ್ಟಿಕ್ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ಗೆ ಎರಡನೆಯದು ಸೇರಿಸಿದರೆ ಡ್ಯುಯಲ್ ಚಾನಲ್ ಆಗುತ್ತದೆ, ಅಂದರೆ ಡೇಟಾ ಎರಡು ದಾರಿಯಲ್ಲಿ ಒಟ್ಟಿಗೆ ಓಡಾಡುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಿಸ್ಟಮ್‌ನಲ್ಲಿ ಇದರ ಲಾಭ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಗೇಮ್ ಇನ್ನೂ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ಹಾಕಿ.

ಮತ್ತೆ ಧೂಳು. ಬೆಂಗಳೂರಿನಲ್ಲಿ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿಲ್ಲದ ಬೀದಿ ಯಾವುದಿದೆ ಹೇಳಿ! ಫ್ಯಾನ್, ಹೀಟ್‌ಸಿಂಕ್ ತುಂಬಿಕೊಂಡರೆ ಬಿಸಿ ಏರುತ್ತದೆ. ಬಿಸಿ ಏರಿದರೆ ಪ್ರೊಸೆಸರ್, ಕಾರ್ಡ್ ಎರಡೂ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಏಪ್ರಿಲ್ ಸೆಕೆಯಲ್ಲಿ ಗೇಮ್ ನಿಧಾನವಾಯಿತು ಅಂದರೆ ಮೊದಲು ಬ್ಲೋವರ್ ತೆಗೆದುಕೊಳ್ಳಿ. ಹಳೆಯ ಸಿಸ್ಟಮ್ ಆದರೆ ಥರ್ಮಲ್ ಪೇಸ್ಟ್ ಬದಲಾಯಿಸಿ.

ಹಾಗಾದರೆ ಅಪ್‌ಗ್ರೇಡ್ ಯಾವಾಗ?

ನನ್ನ ಪ್ರಕಾರ ಎರಡು ತರಹದ ಅಡ್ಡಿಗಳಿವೆ. ಒಂದು, ಸೆಟ್ಟಿಂಗ್ಸ್ ಇಳಿಸಿದರೆ ದಾಟಬಹುದಾದದ್ದು. ಇದಕ್ಕೆ ಕಾಯಬಹುದು. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತರಹದ ಅಪ್‌ಸ್ಕೇಲಿಂಗ್ (ಕಡಿಮೆ ರೆಸಲ್ಯೂಷನ್‌ನಲ್ಲಿ ಚಿತ್ರ ಮಾಡಿ ದೊಡ್ಡದಾಗಿಸುವುದು) ಕೂಡ ಆಯಸ್ಸು ಹೆಚ್ಚಿಸುತ್ತದೆ. ಎಫ್‌ಎಸ್‌ಆರ್‌ನ ಹಿಂದಿನ ಆವೃತ್ತಿಗಳು ಹಳೆಯ ಕಾರ್ಡ್‌ಗಳಲ್ಲೂ ನಡೆಯುತ್ತವೆ.

ಇನ್ನೊಂದು, ಎಷ್ಟು ಇಳಿಸಿದರೂ ದಾಟಲಾಗದ್ದು. 2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್' ಮತ್ತು 2025ರ 'ಡೂಮ್: ದ ಡಾರ್ಕ್ ಏಜಸ್' ಗೇಮ್‌ಗಳಿಗೆ ರೇ ಟ್ರೇಸಿಂಗ್ (ಬೆಳಕು ಸಾಗುವ ದಾರಿಯನ್ನು ಲೆಕ್ಕ ಹಾಕಿ ಚಿತ್ರ ಮಾಡುವುದು) ಹಾರ್ಡ್‌ವೇರ್ ಕಡ್ಡಾಯ. ಜಿಟಿಎಕ್ಸ್ 1080 ಟಿಐ ತನ್ನ ಕಾಲದಲ್ಲಿ ರಾಜ, ಆದರೆ ಅದರಲ್ಲಿ ಆ ಹಾರ್ಡ್‌ವೇರ್ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಕೂಡ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ನಂಬಬಹುದಾದ ಸಾಫ್ಟ್‌ವೇರ್‌ನಿಂದ ಮಾತ್ರ ಪಿಸಿ ಶುರುವಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ) ಕೇಳುತ್ತದೆ. ನೀವು ಆಡಲೇಬೇಕು ಅಂದುಕೊಂಡ ಗೇಮ್ ಇಂಥ ಅಡ್ಡಿಯ ಆಚೆ ಇದ್ದರೆ ಆಗ ಅಪ್‌ಗ್ರೇಡ್ ಮಾಡಿ.

ಮಾಡುವಾಗ ಒಂದು ತಲೆಮಾರು ಮಾತ್ರ ಮುಂದೆ ಹೋಗುವುದನ್ನು ನಾನು ಒಪ್ಪುವುದಿಲ್ಲ. 3060ರಿಂದ 4060ಕ್ಕೆ ಹೋದರೆ 1080ಪಿಯಲ್ಲಿ ಸಿಗುವುದು ಸುಮಾರು 20 ಶೇಕಡಾ. 50 ಎಫ್‌ಪಿಎಸ್ 60 ಆಗುತ್ತದೆ, ಅಷ್ಟನ್ನು ಸೆಟ್ಟಿಂಗ್ಸ್‌ನಲ್ಲೇ ಪಡೆಯಬಹುದು. 1650ರಿಂದ 4060ಕ್ಕೆ ಹೋದವರಿಗೆ ಎರಡು ಪಟ್ಟಿಗೂ ಜಾಸ್ತಿ ಸಿಗುತ್ತದೆ. ಅದು ಅಪ್‌ಗ್ರೇಡ್.

ಪ್ರೊಸೆಸರ್ ಬದಲಾಯಿಸಬೇಕಾದವರು ಮದರ್‌ಬೋರ್ಡ್‌ನ ಹೆಸರು ಮೊದಲು ಓದಿ. ಎಎಂಡಿಯ ಎಎಂ4 (ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರು) ಬೋರ್ಡ್ ಇದ್ದರೆ ನೀವು ಅದೃಷ್ಟವಂತರು. ರೈಜೆನ್ 5 2600 ಇರುವ ಬಿ450 ಬೋರ್ಡ್‌ಗೆ ಬಯೋಸ್ ಅಪ್‌ಡೇಟ್ ಮಾಡಿ ರೈಜೆನ್ 5 5600 ಹಾಕಬಹುದು. ಬೋರ್ಡೂ ಅದೇ, ರ‍್ಯಾಮೂ ಅದೇ. ಹೊಸ ಸಾಕೆಟ್ ಎಎಂ5ಗೆ ಹೋದರೆ ಡಿಡಿಆರ್5 ರ‍್ಯಾಮ್ ಕೂಡ ಕೊಳ್ಳಬೇಕು. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಹೀರಿಕೊಳ್ಳಲು ಶುರುಮಾಡಿದ ಮೇಲೆ, 2025ರ ಕೊನೆಯಲ್ಲಿ, ರ‍್ಯಾಮ್ ಬೆಲೆ ಜೋರಾಗಿ ಏರಿತು. ಹಾಗಾಗಿ ಇರುವ ರ‍್ಯಾಮ್ ಉಳಿಸಿಕೊಳ್ಳುವ ದಾರಿಗೆ ನನ್ನ ಮೊದಲ ಓಟು.

ಕರೆಂಟ್ ಮತ್ತು ಎಸ್‌ಪಿ ರೋಡ್

4060 ಕಾರ್ಡ್ 115 ವ್ಯಾಟ್ ಬಳಸುತ್ತದೆ, 3060 ಬಳಸುವುದು 170. ಎನ್‌ವಿಡಿಯಾ 4060ಗೆ 550 ವ್ಯಾಟ್ ಪವರ್ ಸಪ್ಲೈ ಸೂಚಿಸುತ್ತದೆ. ಮನೆಯ ಯುಪಿಎಸ್ ಲೆಕ್ಕವನ್ನೂ ಹಾಕಿ. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ತಡೆಯುತ್ತದೆ. ಕಾರ್ಡ್, ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ ಅದನ್ನು ದಾಟಿದರೆ, ಸಂಜೆ ಗುಡುಗು ಮಳೆಗೆ ಕರೆಂಟ್ ಹೋದ ಕ್ಷಣವೇ ಪಿಸಿಯೂ ಆಫ್ ಆಗುತ್ತದೆ.

ಎಸ್‌ಪಿ ರೋಡ್‌ಗೆ ಹೋಗುವವರು ಮೆಟ್ರೋದಲ್ಲಿ ಚಿಕ್ಕಪೇಟೆ ಅಥವಾ ಕೆಆರ್ ಮಾರುಕಟ್ಟೆಯಲ್ಲಿ ಇಳಿದು ನಡೆಯಿರಿ, ಅಲ್ಲಿ ಗಾಡಿ ನಿಲ್ಲಿಸುವುದು ಕಷ್ಟ. ಎರಡು ಮೂರು ಅಂಗಡಿಯಲ್ಲಿ ಬೆಲೆ ಕೇಳಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ, "ಅಣ್ಣ, ಒಂದು ಇಪ್ಪತ್ತು ನಿಮಿಷ ಗೇಮ್ ಓಡಿಸಿ ತೋರಿಸ್ತೀರಾ?" ಅಂತ ನೇರವಾಗಿ ಕೇಳಿ. ಓಡುವಾಗ ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬರುತ್ತಿದೆಯಾ ನೋಡಿ, ಎಲ್ಲ ಫ್ಯಾನ್ ತಿರುಗುತ್ತಿವೆಯಾ ನೋಡಿ, ಬಿಸಿ ಎಷ್ಟಕ್ಕೆ ನಿಲ್ಲುತ್ತದೆ ಬರೆದುಕೊಳ್ಳಿ. ತೋರಿಸಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಹೊಸದಾದರೆ ಜಿಎಸ್‌ಟಿ ಬಿಲ್ ಪಡೆಯಿರಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಅದು ಡಬ್ಬಿಯ ಮೇಲಿರುವುದಕ್ಕೂ ಕಾರ್ಡ್ ಮೇಲಿರುವುದಕ್ಕೂ ಹೊಂದುತ್ತದೆಯೇ ಅಂತ ಕೌಂಟರ್‌ನಲ್ಲೇ ನಿಂತು ನೋಡಿಕೊಳ್ಳಿ.