ನೋವಿಲ್ಲದ ಕಾಯಿಲೆಗೆ ಮೊದಲ ಮಣೆ

ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ, ವಯಸ್ಸಾದವರಿರುವ ಮನೆಯಲ್ಲಿ ಫ್ರಿಡ್ಜ್ ಮೇಲೆ ಒಂದು ಮಾತ್ರೆ ಡಬ್ಬಿ ಇದ್ದೇ ಇರುತ್ತದೆ. ಬಿಪಿಗೆ ಒಂದು, ಶುಗರಿಗೆ ಎರಡು, ಗ್ಯಾಸ್ಟ್ರಿಕ್‌ಗೆ ಒಂದು, ಗಂಟುನೋವಿಗೆ ಎರಡು ಬಗೆ, ಮುಂಬೈಯ ನೆಂಟರು ತಂದುಕೊಟ್ಟ ಯಾವುದೋ ಪುಡಿ, ಪಕ್ಕದಲ್ಲೇ ಅಮೃತಬಳ್ಳಿ ಕಷಾಯ. ಇದರಲ್ಲಿ ಯಾವುದು ತಪ್ಪಿದರೂ ನೋವಿನ ಮಾತ್ರೆ ಮಾತ್ರ ತಪ್ಪುವುದಿಲ್ಲ. ಸಹಜ ಅಲ್ವಾ? ಅದು ನುಂಗಿದ ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ. ಬಿಪಿ ಮಾತ್ರೆ ನುಂಗಿದರೂ ಬಿಟ್ಟರೂ ಮೈಗೆ ಏನೂ ಅನಿಸುವುದಿಲ್ಲ.

ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಇದನ್ನು ಬಿಟ್ಟರೆ ಮತ್ತೆ ಸರಿಪಡಿಸಲಾಗದ್ದು ಏನಾಗುತ್ತದೆ?

ಬ್ರಿಟನ್ನಿನಲ್ಲಿ ಟೈಪ್ 2 ಮಧುಮೇಹಿಗಳನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1998ರಲ್ಲಿ ಬಂತು. ಬಿಪಿಯನ್ನು ಸರಾಸರಿ 154/87ರ ಬದಲು 144/82ಕ್ಕೆ ಇಳಿಸಿದವರಲ್ಲಿ ಸ್ಟ್ರೋಕ್ 44% ಕಡಿಮೆಯಾಗಿತ್ತು. ಬರೀ ಶುಗರನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣು, ಕಿಡ್ನಿಯ ತೊಂದರೆ ಸುಮಾರು ಕಾಲುಭಾಗ ತಗ್ಗಿತು, ಸ್ಟ್ರೋಕ್ ತಗ್ಗಲಿಲ್ಲ. ಹಾಗಂತ ಶುಗರ್ ಬಿಟ್ಟುಬಿಡಿ ಅಂತ ಅಲ್ಲ, ಹತ್ತು ವರ್ಷ ಬಿಟ್ಟು ನೋಡಿದಾಗ ಆ ಗುಂಪಿನಲ್ಲಿ ಹೃದಯಾಘಾತವೂ ಕಡಿಮೆಯಾಗಿತ್ತು. ಆದರೆ ಗ್ಲುಕೋಮೀಟರಿನ ಅಂಕಿ ಹತ್ತು ಹೆಚ್ಚಾದರೆ ಗಾಬರಿಯಾಗುವವರು ಬಿಪಿ 155 ಇದ್ದರೂ 'ವಯಸ್ಸಿಗೆ ಅಷ್ಟು ಇರ್ತದೆ' ಅಂತಾರಲ್ಲ, ಲೆಕ್ಕ ತಪ್ಪುವುದು ಅಲ್ಲಿ.

ಇನ್ನೊಂದು ತಮಾಷೆ ನೋಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡಿ ಬಿಪಿ ಏರಿಸುತ್ತವೆ, ಹಲವು ಬಿಪಿ ಮಾತ್ರೆಗಳ ಕೆಲಸವನ್ನು ಕೆಡಿಸುತ್ತವೆ, ಕಿಡ್ನಿಗೆ ಹೋಗುವ ರಕ್ತವನ್ನೂ ತಗ್ಗಿಸುತ್ತವೆ. ಅಂದರೆ ಬೆಳಿಗ್ಗೆ ಒಂದು ಮಾತ್ರೆ ಇಳಿಸಿದ್ದನ್ನು ರಾತ್ರಿ ಇನ್ನೊಂದು ಮಾತ್ರೆ ಏರಿಸುತ್ತದೆ, ಎರಡಕ್ಕೂ ದುಡ್ಡು ಕೊಟ್ಟದ್ದು ನಾವೇ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯ ಸುದ್ದಿ ಡಾಕ್ಟರಿಗೆ ಗೊತ್ತೇ ಇರುವುದಿಲ್ಲ, ಅವರು ಬಿಪಿ ಇಳಿಯಲಿಲ್ಲ ಅಂತ ಡೋಸ್ ಜಾಸ್ತಿ ಮಾಡುತ್ತಾರೆ.

'ನನಗೆ ಇದು ಹಿಡಿಸಿತು' ಎನ್ನುವ ಮಾತನ್ನೂ ಸ್ವಲ್ಪ ಸಂಶಯದಿಂದ ಕೇಳಬೇಕು. ಮೊಣಕಾಲು ನೋವಿಗೆ ಗ್ಲುಕೋಸಮೈನ್ (ಗಂಟಿಗೆ ಒಳ್ಳೆಯದೆಂದು ಮಾರುವ ಪೂರಕ ಮಾತ್ರೆ) ಪರೀಕ್ಷಿಸಿದ ಅಮೆರಿಕದ ಅಧ್ಯಯನದಲ್ಲಿ (2006) ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಸುಮಾರು 60% ಜನರಿಗೆ ನೋವು ತಗ್ಗಿತ್ತು! ಗಂಟುನೋವು ಏರುತ್ತಾ ಇಳಿಯುತ್ತಾ ಇರುವಂಥದ್ದು. ನಾವು ಹೊಸ ಮದ್ದು ಹುಡುಕುವುದು ತಡೆಯಲಾಗದ ದಿನ. ಮರುವಾರ ಅದು ತಾನಾಗಿ ಇಳಿದರೂ ಹೆಸರು ಬರುವುದು ಮದ್ದಿಗೆ. ಅದಕ್ಕೇ ಒಟ್ಟೊಟ್ಟಿಗೆ ಮೂರು ಶುರುಮಾಡಬಾರದು, ಯಾವುದರಿಂದ ಏನಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ.

ಹಾಗಾದರೆ ನೋವು ತಿಂದುಕೊಂಡಿರಬೇಕಾ? ಬೇಡ. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ, ಭಾರ ಹೆಚ್ಚಿದ್ದರೆ ಸ್ವಲ್ಪ ಇಳಿಸುವುದು ಮೊಣಕಾಲಿಗೂ ಆಗುತ್ತದೆ, ಶುಗರಿಗೂ ಬಿಪಿಗೂ ಆಗುತ್ತದೆ. ಒಂದೇ ಕೆಲಸ ಮೂರು ಕಡೆ ಉಪಕಾರಕ್ಕೆ ಬರುವುದಾದರೆ ಪುಡಿಗಿಂತ ಮೊದಲು ಅದನ್ನೇ ಹಿಡಿಯುವುದು ಜಾಣತನ.

ಬಿಪಿ ಏರಿಸುವ ಉಪ್ಪಿನ ಕಥೆಯೂ ಹಾಗೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಮ್ಮಿ. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿಗೆ ಉಪ್ಪು, ಜೊತೆಗೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಮೀನು ತಿನ್ನುವವರಾದರೆ ಒಣಮೀನಿನ ಚಟ್ನಿ. ಉಪ್ಪಿಲ್ಲದ ಗಂಜಿ ಯಾರಿಗೆ ಬೇಕು ಮಾರಾಯ್ರೆ ಅಂತೀರಿ, ಸರಿಯೇ. ಗಂಜಿಯ ಉಪ್ಪೋ ಉಪ್ಪಿನಕಾಯಿಯೋ, ಒಂದನ್ನು ಬಿಡಿ ಸಾಕು, ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.