ಬೀಜದ ಹೋರಿ ಮತ್ತು ಫ್ಲಾರಿಡಾದ ಪೂಮಾ

ಅಜ್ಜಂಪುರದ ಕಡೆಯ ನಮ್ಮ ಅಜ್ಜ ಬೀಜದ ಹೋರಿಯನ್ನು ಮೂರು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಹುಟ್ಟಿದ ಕಡಸುಗಳು ಬೆದೆಗೆ ಬರುವ ಹೊತ್ತಿಗೆ ಬೇರೆ ಊರಿನ ಹೋರಿ ಕೊಟ್ಟಿಗೆಗೆ ಬಂದಿರುತ್ತಿತ್ತು. ಅಮೃತ ಮಹಲ್ ದನ ಮೇಯುವ ಕಾವಲಿನ ನೆರೆಯವರಿಗೆ ಒಳಸಂಕರಣದ (ಹತ್ತಿರದ ರಕ್ತಸಂಬಂಧಿಗಳ ಕೂಡುವಿಕೆಯ) ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನು ಮಾತ್ರ ಅದನ್ನು ಪುಸ್ತಕದಲ್ಲಿ ಓದಿ ಕಲಿಯಬೇಕಾಯಿತು.

ಅಮೆರಿಕದ ಫ್ಲಾರಿಡಾದಲ್ಲಿರುವ ಪೂಮಾಗಳಿಗೆ, ಅಂದರೆ ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿಗಳಿಗೆ, ಹೀಗೆ ಗಂಡನ್ನು ಬದಲಿಸುವವರು ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಉಳಿದಿದ್ದವು 20ರಿಂದ 30. ಗಂಡಿನ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶೇ. 90ಕ್ಕೂ ಹೆಚ್ಚು ವೀರ್ಯಾಣುಗಳು ವಿಕಾರ: ಬಾಲ ಸುರುಳಿ ಸುತ್ತಿದೆ, ಇಲ್ಲವೇ ತಲೆಯ ಮೇಲಿನ ಟೊಪ್ಪಿಗೆ ಕೆಟ್ಟಿದೆ. ಅಂಡದ ಹೊದಿಕೆಯನ್ನು ಕರಗಿಸುವ ಕಿಣ್ವ ಇರುವುದು ಆ ಟೊಪ್ಪಿಗೆಯಲ್ಲಿ. ಹಲವು ಗಂಡುಗಳ ವೃಷಣ ಚೀಲಕ್ಕೆ ಇಳಿದೇ ಇರಲಿಲ್ಲ.

ವೀರ್ಯಾಣು ರೂಪುಗೊಳ್ಳಲು ನೂರಾರು ವಂಶವಾಹಿಗಳು ಬೇಕು. ಹೆಚ್ಚಿನ ವಂಶವಾಹಿಗಳಿಗೆ ಎರಡು ಪ್ರತಿ, ತಂದೆಯದೊಂದು, ತಾಯಿಯದೊಂದು. ಕೆಟ್ಟ ಪ್ರತಿ ಒಂದೇ ಇದ್ದರೆ ಸಾಮಾನ್ಯವಾಗಿ ಒಳ್ಳೆಯದು ಅದನ್ನು ಮರೆಮಾಚುತ್ತದೆ. ತಂದೆ ತಾಯಿ ಒಂದೇ ಬಳ್ಳಿಯ ಕುಡಿಗಳಾದರೆ ಕೆಟ್ಟವೆರಡೂ ಮರಿಯಲ್ಲಿ ಜೊತೆಯಾಗುವ ಸಾಧ್ಯತೆ ಹೆಚ್ಚು.

1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಪೂಮಾಗಳನ್ನು ತಂದು ಬಿಟ್ಟರು. ಎಂಟೂ ಹೆಣ್ಣು! ಗಂಡಿನ ದೋಷಕ್ಕೆ ಹೆಣ್ಣನ್ನೇಕೆ ತಂದರು? ನಾನು ಎಡವಿದ್ದು ಇಲ್ಲಿಯೇ. ಇದ್ದ ಗಂಡುಗಳನ್ನು ಸರಿಪಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಸರಿಯಾಗಬೇಕಿದ್ದುದು ಅವುಗಳ ಗಂಡುಮರಿ. ಅದರ ವಂಶವಾಹಿಗಳಲ್ಲಿ ಅರ್ಧ ತಾಯಿಯದೇ ಅಲ್ಲವೇ? ಎಂಟರಲ್ಲಿ ಐದು ಮರಿ ಹಾಕಿದವು. ಆ ಸಂತತಿಯಲ್ಲಿ ಇಳಿಯದ ವೃಷಣದ ತೊಂದರೆ ಬಹಳ ಕಡಿಮೆಯಾಯಿತು, ಪೂಮಾಗಳ ಸಂಖ್ಯೆಯೂ ಏರಿತು.

ಹಾಗೆಂದು ‘ವಂಶವಾಹಿಗಳ ವೈವಿಧ್ಯ ಕಡಿಮೆ, ಆದ್ದರಿಂದ ಸಂತಾನವಿಲ್ಲ’ ಎಂದು ಉತ್ತರ ಬರೆದುಬಿಡಬೇಡಿ. ಚೀತಾಗಳಲ್ಲಿಯೂ ಶೇ. 70ರಷ್ಟು ವೀರ್ಯಾಣುಗಳು ವಿಕಾರ. ಆದರೂ ಅವು ಕಾಡಿನಲ್ಲಿ ಮರಿ ಹಾಕುತ್ತಲೇ ಇವೆ.

ಇನ್ನು ಲೆಕ್ಕ. ನಮ್ಮ ಭದ್ರಾ ಕಾಡಿನಲ್ಲಿ ಕ್ಯಾಮೆರಾ ಹುಲಿಯ ಪಟ್ಟೆ ನೋಡಿ ತಲೆ ಎಣಿಸಿಕೊಡುತ್ತದೆ. ಯಾವ ಗಂಡು ಎಷ್ಟು ಮರಿಗಳಿಗೆ ತಂದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಅದಕ್ಕೆ ಮಲದಲ್ಲೋ ಕೂದಲಿನಲ್ಲೋ ಸಿಗುವ ಡಿಎನ್‌ಎ ಬೇಕು. ತಳಿಗೆ ಪಾಲು ಕೊಡುವ ಗಂಡು, ಹೆಣ್ಣುಗಳ ಸಂಖ್ಯೆಗಳನ್ನು ಗುಣಿಸಿ, ಮತ್ತೆ 4ರಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ. ಬರುವುದೇ ಪರಿಣಾಮಕಾರಿ ಸಂಖ್ಯೆ, ಅಂದರೆ ವೈವಿಧ್ಯ ಉಳಿಸುವ ಲೆಕ್ಕದಲ್ಲಿ ಆ ಗುಂಪು ಎಷ್ಟು ತಲೆಗೆ ಸಮ ಎಂಬುದು. 5 ಗಂಡು, 45 ಹೆಣ್ಣು ಇದ್ದರೆ ತಲೆ ಐವತ್ತು, ಉತ್ತರ 18.

ಅಜ್ಜನ ಒಂದು ಹೋರಿ, ನಲವತ್ತು ಹಸುಗಳನ್ನು ಇದೇ ಸೂತ್ರಕ್ಕೆ ಹಾಕಿ ನೋಡಿದೆ. ನಾಲ್ಕೂ ತುಂಬಲಿಲ್ಲ.